ಕೆಂಪು ಗೆರೆ

ನಗರಸಭೆಯ ಗೋಡೆಗೆ ಮಳೆನೀರು ಕಾಲುವೆಯ ಹೊಸ ನಕ್ಷೆ ಅಂಟಿಸಿದ್ದರು. ಪಕ್ಕದ ಅರ್ಜಿ ಕಿಟಕಿಯ ಸರದಿಯಲ್ಲಿ ನನ್ನ ಮುಂದೆ ಅಣ್ಣ-ತಂಗಿ ನಿಂತಿದ್ದರು. ತಂಗಿ ಅದೇ ನಗರಸಭೆಯಲ್ಲಿ ಇಂಜಿನಿಯರ್.

"ಈ ಕೆಂಪು ಗೆರೆ ನಮ್ಮನೆ ಮೇಲೇ ಹೋಗಿದೆಯಲ್ಲೇ!"

"ಹೌದಣ್ಣ, ಕಾಲುವೆ ಅಲ್ಲೇ ಬರುತ್ತೆ. ಮನೆ ಒಡೀಬೇಕು."

"ಯಾವನೇ ಇದನ್ನ ಎಳೆದೋನು?"

"ನಾನೇ."

ಅಣ್ಣ ನಕ್ಷೆ ಬಿಟ್ಟು ತಂಗಿಯ ಕಡೆ ತಿರುಗಿದ.

"ನಾವು ಹುಟ್ಟಿದ ಮನೆ ಕಣೇ ಅದು!"

"ಹಳೇ ಕಾಲುವೆ ಇದ್ದಿದ್ದೂ ಅಲ್ಲೇ. ಅಪ್ಪ ಅದನ್ನ ಮುಚ್ಚಿಸಿ ಮನೆ ಕಟ್ಟಿದ್ರು. ಹೋದ ಮಳೇಲಿ ಆ ನೀರೇ ಹಿಂದಿನ ಬೀದಿಗೆ ನುಗ್ಗಿದ್ದು. ಬಟ್ಟೆ ಹೊಲಿಯೋ ಅಜ್ಜಿ ಮಂಚದ ಮೇಲೇ ಮುಳುಗಿಹೋದ್ರಲ್ಲ."

"ಅಯ್ಯೋ... ಅಪ್ಪನಿಗೆ ಹೇಳಿದ್ಯಾ?"

"ಬೆಳಿಗ್ಗೆ ಹೇಳ್ದೆ. ಒಪ್ಪಿಗೆ ಪತ್ರ ಇಲ್ಲೇ ಇದೆ, ನೋಡು."

"ಏನಂದ್ರು?"

"ಪೆನ್ನು ಕೇಳಿದ್ರು."

ಕಿಟಕಿಯಿಂದ ಕೂಗಿದರು. ಇಬ್ಬರೂ ಮುಂದೆ ಹೋದರು.