ಒಂದು ಕುರಿ ಕಮ್ಮಿ

ಆ ನಾಲ್ಕು ನಿಮಿಷವನ್ನು ತೆಗೆದುಬಿಡಲೋ, ಬೇಡವೋ? ಚಳ್ಳಕೆರೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಮಲ್ಲಿಕ್‌ಗೆ ಬೆಳಗಿನಿಂದ ಇದೇ ತಳಮಳ. ಬಿ.ಜಿ. ಕೆರೆಯ ಕುರಿಗಾಹಿಯೊಬ್ಬನ ಹಿಂದೆ ತಾನೊಬ್ಬನೇ ಅಲೆದು ತೆಗೆದ ಚಿತ್ರವನ್ನು ಯೂಟ್ಯೂಬಿಗೆ ಹಾಕಿ ತಿಂಗಳಾಗಿತ್ತು. ಕೊನೆಯ ನಾಲ್ಕು ನಿಮಿಷ ಕುರಿಗಳು ಒಂದೊಂದಾಗಿ ಮುಳ್ಳುಬೇಲಿಯ ರೊಪ್ಪದೊಳಗೆ ಹೋಗುತ್ತವೆ. ಅಲ್ಲಿ ಮಾತಿಲ್ಲ, ಸಂಗೀತವಿಲ್ಲ. ಜನ ನೋಡುವುದನ್ನು ಬಿಟ್ಟುಹೋಗುವುದೇ ಅಲ್ಲಿ, ಕತ್ತರಿಸು ಎಂದು ಗೆಳೆಯ ಪಟ್ಟು ಹಿಡಿದಿದ್ದ.

ಪಕ್ಕದಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡ ಮುದುಕ, ಮೊಬೈಲ್ ಹಿಡಿದ ಮಗಳು.

“ಆ ರೊಪ್ಪದ್ದು ಇನ್ನೊಂದ್ಸಲ ಹಾಕವ್ವ.”

“ಎಷ್ಟ್ ಸಲ ನೋಡ್ತೀಯಪ್ಪ? ಅದ್ರಾಗೆ ಯಾರೂ ಮಾತೇ ಆಡಲ್ಲ.”

“ಮಾತಾಡಿದ್ರೆ ಎಣಿಸೋದೆಂಗೆ? ಮೊದ್ಲು ಆವಯ್ಯ ನಂದು ನೂರಾ ಹನ್ನೆರಡು ಕುರಿ ಅಂತಾನೆ. ಒಳಗೆ ಹೋಗಿದ್ದು ನೂರಾ ಹನ್ನೊಂದು.”

“ನೀನೇ ತಪ್ಪೆಣಿಸಿರ್ತೀಯ.”

“ಐವತ್ತು ವರ್ಷದಿಂದ ಎಣಿಸ್ತಿದೀನಿ. ನಮ್ ಹಟ್ಟಿಯೋರೆಲ್ಲ ಕುಂತು ಎಣಿಸಿದ್ರು, ಒಂದು ಕಮ್ಮೀನೇ.”

“ತೋಳ ಹೊತ್ಕಂಡು ಹೋಗಿರ್ಬೇಕು ಬಿಡು.”

“ತೋಳ ಹೊತ್ಕಂಡು ಹೋಗಿದ್ರೆ ಆವಯ್ಯ ಹಂಗೆ ಬೀಡಿ ಸೇದ್ಕಂತ ನಿಂತಿರ್ತಿದ್ನಾ? ಅಲ್ಲೇ ಎಲ್ಲೋ ಐತೆ. ಹಾಕು.”

ಮಲ್ಲಿಕ್ ತನ್ನ ಫೋನ್ ತೆಗೆದು, ‘ಕತ್ತರಿಸಲ್ಲ’ ಎಂದು ಗೆಳೆಯನಿಗೆ ಬರೆದು ಕಳಿಸಿದ.

ಅಷ್ಟರಲ್ಲಿ ನನ್ನಿವಾಳದ ಬಸ್ಸು ಬಂತು. ಮುದುಕ ಮಗಳ ಕೈಯ ಮೊಬೈಲಿನಿಂದ ಕಣ್ಣು ತೆಗೆಯದೆ, ತುಟಿಯಲ್ಲೇ ಎಣಿಸುತ್ತಾ ಮೆಟ್ಟಿಲು ಹತ್ತಿದ.

ಆ ಒಂದು ಕುರಿ ಅಷ್ಟೂ ಹೊತ್ತು ಕ್ಯಾಮೆರಾದ ಹಿಂದೆ ನಿಂತು ತನ್ನ ಬಟ್ಟೆಚೀಲವನ್ನು ಅಗಿಯುತ್ತಿತ್ತೆಂದು ಮಲ್ಲಿಕ್ ಹೇಳಲೇ ಇಲ್ಲ.