ಸಭೆಯಲ್ಲಿ ತಟ್ಟಿದ ಚಪ್ಪಾಳೆ

ಹೊಸಕೋಟೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ಫ್ಯಾಕ್ಟರಿಯ ನೀಲಿ ಕೋಟು ಮಡಿಲಲ್ಲಿಟ್ಟುಕೊಂಡು, ತನ್ನೂರಿನ ಹಿರಿಯರೊಬ್ಬರನ್ನು ಕೇಳಿದಳು.

“ಸೊಣ್ಣಪ್ಪಣ್ಣ, ನಮ್ಮೂರ್ ಹೈಸ್ಕೂಲ್ ಮುಚ್ತಾರಂತೆ, ನಿಜಾನಾ?”

“ನಿಜ ಕಣಮ್ಮ ಶಿಲ್ಪ. ಜೂನಿಂದ ಮಕ್ಳೆಲ್ಲಾ ಹೋಬ್ಳಿ ಸ್ಕೂಲ್ಗೇ ಹೋಗ್ಬೇಕು.”

“ಶಾಲಾ ಸಮಿತಿ ಅಧ್ಯಕ್ಷರು ನೀವು. ಬೇಡ ಅನ್ಬಾರ್ದಾಗಿತ್ತಾ?”

“ಅವತ್ತು ಸಭೇಲಿ ಬೆಂಗ್ಳೂರಿಂದ ಬಂದೋರು ಇಂಗ್ಲಿಷಲ್ಲಿ ಭಾಷಣ ಮಾಡುದ್ರಲ್ಲ, ನಾವೆಲ್ಲಾ ಚಪ್ಪಾಳೆ ತಟ್ಟುದ್ವಲ್ಲ?”

“ಊರಿಗ್ ಬಂದೋರು ಮಾತು ಮುಗ್ಸುದ್ರೆ ತಟ್ಬೇಕಲ್ವಾ?”

“ಅದನ್ನೇ ಊರೋರ ಒಪ್ಗೆ ಅಂತಾವ್ರೆ. ವೀಡಿಯೋ ಬೇರೆ ಐತಂತೆ.”



“ಹೋಬ್ಳಿಗೆ ಬಸ್ಸಿಲ್ಲ. ನೀಲಗಿರಿ ತೋಪಿನ ದಾರೀಲಿ ನನ್ ಮಗ್ಳು ದಿವ್ಯನ್ನ ಕಳ್ಸಲ್ಲ ಅಂತಾರೆ ಅವ್ರಪ್ಪ. ಓದಿದ್ದು ಸಾಕಂತೆ.”

“ಒಂಬತ್ನೇ ಕ್ಲಾಸ್ಗೇ ಬಿಡುಸ್ತಾರಾ?”

“ಸಭೇಲಿ ಅವ್ಳೊಬ್ಳೇ ಕೈ ಕಟ್ಕೊಂಡು ಕೂತಿದ್ಳು ಅಣ್ಣ. ಮರ್ಯಾದೆ ಇಲ್ವೇನೇ, ತಟ್ಟೇ ಅಂತ ನಾನೇ ಗದರ್ಬಿಟ್ಟೆ.”

“ಅಂದ್ರೆ ಮಗೀಗೆ ಆ ಇಂಗ್ಲಿಷು ಅರ್ಥ ಆಗಿತ್ತೇನಮ್ಮ?”

ಫ್ಯಾಕ್ಟರಿ ಕಡೆ ಹೋಗುವ ಪಿಲ್ಲಗುಂಪೆ ಬಸ್ಸು ಬಂತು. ಶಿಲ್ಪ ಎದ್ದು, ಕೋಟು ತೊಡುತ್ತಾ ಓಡಿದಳು.