ರಾತ್ರಿಯ ಗಂಜಿ

ಕಾರವಾರದ ಆಸ್ಪತ್ರೆಯ ಹಜಾರವನ್ನು ಅರ್ಧ ಒರೆಸಿದ್ದ ಸುಗಂಧಾ, ಬೆಂಚಿನ ಮೇಲೆ ಕೂತ ಮುದಿ ಗಂಡಹೆಂಡತಿಗೆ ಕಾಲೆತ್ತಲು ಹೇಳಿದಳು. ಅವರು ಕಾಲೆತ್ತಿಕೊಂಡೇ ಮಾತು ಮುಂದುವರಿಸಿದರು.

“ಡಾಕ್ಟ್ರು ಹೇಳ್ವಾಗ ನನ್ನ ಕಿವಿಗೆ ಎಂತದೂ ಹೋಗ್ಲಿಲ್ಲ. ಪ್ರಾಸ್ಟೇಟ್ ಅಂದ್ರೆ ಎಂತದೇ?” ಎಂದ ಗಂಡ.

“ಮೂತ್ರದ ಚೀಲದ ಕೆಳಗೆ, ನೆಲ್ಲಿಕಾಯಿಯಷ್ಟು ದಪ್ಪದ್ದಂತೆ. ಗಂಡಸರಿಗೆ ಮಾತ್ರ ಇರೂದಂತೆ. ಅಲ್ಲಿ ಶುರುವಾದ ಕ್ಯಾನ್ಸರ್ ಈಗ ಬೆನ್ನಿನ ಎಲುಬಿಗೂ ಮುಟ್ಟಿದೆಯಂತೆ.”

“ಅರವತ್ತೆಂಟು ವರ್ಷ ಹೊತ್ಕಂಡು ತಿರುಗ್ದೆ, ಅದರ ಹೆಸರೇ ಗೊತ್ತಿರ್ಲಿಲ್ಲ ನೋಡು.”

“ನಗಾಡ್ಬೇಡಿ. ರಾತ್ರಿ ಆರು ಸಲ ಮೂತ್ರಕ್ಕೆ ಏಳ್ತಿದ್ರಿ. ವಯಸ್ಸಾಯ್ತು, ಹೊಟ್ಟೆಗೆ ನೀರು ಕಮ್ಮಿ ಹೋದ್ರೆ ಸಾಕು ಅಂದ್ಕಂಡು ನಾನೇ ರಾತ್ರಿ ಗಂಜಿ ನಿಲ್ಲಿಸ್ದೆ. ಒಣ ಅವಲಕ್ಕಿ ಕೊಟ್ಟೆ.”

“ಏಳೂದು ಕಮ್ಮಿ ಆಯ್ತಲ್ಲೇ ಮಾರಾಯ್ತಿ.”

“ಗುಣ ಆಯ್ತು ಅಂತ್ಲೇ ತಿಳ್ಕಂಡೆ. ಎರಡು ವರ್ಷ ಡಾಕ್ಟ್ರಿಗೆ ತೋರಿಸ್ಲೇ ಇಲ್ಲ!”

“ಇನ್ನು ಗುಣ ಆಗೂದಿಲ್ವಂತಾ?”

“ಪೂರ್ತಿ ಇಲ್ಲಂತೆ. ಇಂಜೆಕ್ಷನ್ ಕೊಟ್ಟು ತಡೀತಾರಂತೆ.”

ಅವನು ಒದ್ದೆ ನೆಲವನ್ನೇ ನೋಡುತ್ತಿದ್ದ.

“ಹಾಗಾದ್ರೆ ಇವತ್ತು ರಾತ್ರಿ ಗಂಜಿ ಮಾಡು. ಒಣಮೀನೂ ಸುಡು.”

ನರ್ಸ್ ಕರೆದಳು. ಒರೆಸಿದ ಜಾಗ ತುಳಿಯದಂತೆ ಇಬ್ಬರೂ ಗೋಡೆ ಹಿಡಿದು ಒಳಗೆ ಹೋದರು.

ಸುಗಂಧಾಳ ಗಂಡ ಮಂಗೇಶನೂ ರಾತ್ರಿ ಐದೈದು ಸಲ ಏಳುತ್ತಿದ್ದ. ತನ್ನ ನಿದ್ದೆ ಕೆಡುತ್ತದೆಂದು ಕಳೆದ ಮಳೆಗಾಲದಲ್ಲಿ ಅವಳೇ ಅವನ ಚಾಪೆಯನ್ನು ಜಗಲಿಗೆ ಹಾಕಿದ್ದಳು. ಈಗ ಎಷ್ಟು ಸಲ ಏಳುತ್ತಾನೋ, ಅವಳಿಗೆ ಗೊತ್ತಿರಲಿಲ್ಲ.

ಇವತ್ತು ಚಾಪೆಯನ್ನು ಒಳಗೆ ತರಬೇಕು, ನಾಳೆ ಅವನನ್ನು ಇಲ್ಲಿಗೆ ಕರೆತರಬೇಕು. ಅವಳು ಬಟ್ಟೆ ಹಿಂಡಿ, ಉಳಿದರ್ಧ ಹಜಾರ ಒರೆಸಲು ಬಗ್ಗಿದಳು.